ಗೋಡೆ ಸಾಕೆಟ್ಟಿಗೆ ಎಂಟು ಹೆಜ್ಜೆ

ಹೊಲಿಗೆ ಮಷೀನಿನ ಮೋಟಾರು ನಿಂತುಹೋದಾಗ ಅವಳಿಗೆ ಮೂವತ್ತೆಂಟು ವರ್ಷ, ಕತ್ತರಿಸಿಟ್ಟ ಶಾಲಾ ಸಮವಸ್ತ್ರಗಳು ಅರವತ್ತು. ರಿಪೇರಿಯವನು ಬಂದ. ಮೋಟಾರನ್ನು ಕಳಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ದೊಡ್ಡಾಸ್ಪತ್ರೆಯ ಡಾಕ್ಟರಂತೆ ಮುಖ ಮಾಡಿ, "ಟೈಮ್ ಹಿಡಿಯುತ್ತಮ್ಮ" ಎಂದು ಚೀಲಕ್ಕೆ ಹಾಕಿಕೊಂಡು ಹೋದ. ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಅವಳು ಕಾಲಲ್ಲಿ ತುಳಿಯುವ ಹಳೇ ಮಷೀನಿನ ಮೇಲೆ ಕೂತು, ಒಂದೊಂದು ತೋಳಿಗೂ ಒಂದೊಂದು ಶಾಪ ಸೇರಿಸಿ ಹೊಲಿದಳು. ಹತ್ತನೆಯ ದಿನ ಮೋಟಾರು ಮನೆಗೆ ಬಂತು.

"ಏನಾಗಿತ್ತಪ್ಪಾ ಇದಕ್ಕೆ?"

ಅವನು ಜೇಬಿನಿಂದ ಎರಡು ಕರಿ ತುಂಡು ತೆಗೆದು ಅವಳ ಅಂಗೈ ಮೇಲಿಟ್ಟ. ಅಂಗಿಯ ಗುಂಡಿಗಿಂತ ಚಿಕ್ಕವು. "ಕಾರ್ಬನ್ ಬ್ರಷ್ಷು. ಸವೆದುಹೋಗಿತ್ತು. ಬೇರೆ ಹಾಕ್ದೆ."

"ಇಷ್ಟೇನಾ?"

"ಇಷ್ಟೇ."

"ಹಾಕೋಕೆ ಎಷ್ಟು ಹೊತ್ತು ಹಿಡೀತು?"

ರಿಪೇರಿಯವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅವನ ವ್ಯಾಪಾರಕ್ಕಿದ್ದ ದೊಡ್ಡ ಕೊರತೆ ಅದೇ. "ಹತ್ತು ನಿಮಿಷ" ಎಂದುಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ ಬೀದಿಗೆ ಕೇಳಿಸುವಂತೆ ಬೈದು ಕಳಿಸುತ್ತಿದ್ದರು. ಅವಳಿಗೂ ಸಿಟ್ಟು ಬಂತು. ಆದರೆ ಸಿಟ್ಟಿನ ಬೆನ್ನಿಗೇ ಮೈಯೆಲ್ಲ ಜುಮ್ಮೆಂದಿತು. ಹದಿನಾರು ವರ್ಷದಿಂದ ಕಾಲ ಬುಡದಲ್ಲಿ ಗುಯ್‌ಗುಡುತ್ತಿದ್ದ ಡಬ್ಬಿಯೊಳಗೆ ಇಷ್ಟೊಂದು ಸಂಸಾರವಿದೆ, ಅದರ ಗುಟ್ಟು ಅಂಗೈಯಲ್ಲಿ ಹಿಡಿಯುತ್ತದೆ! ಅಂದಿನಿಂದ ಆ ಎರಡು ಕರಿ ತುಂಡು ಅವಳ ಸೂಜಿ ಡಬ್ಬಿಯಲ್ಲೇ ಉಳಿದವು.

ಆ ತಿಂಗಳಲ್ಲಿ ಅವಳು ಮನೆಯ ಟೇಬಲ್ ಫ್ಯಾನ್ ಬಿಚ್ಚಿದಳು, ಇಸ್ತ್ರಿಪೆಟ್ಟಿಗೆ ಬಿಚ್ಚಿದಳು, ಮಿಕ್ಸಿ ಬಿಚ್ಚಿದಳು, ಕರೆಗಂಟೆ ಬಿಚ್ಚಿದಳು. ಎಲ್ಲವನ್ನೂ ಮತ್ತೆ ಜೋಡಿಸಿದಳು. ಒಂದೆರಡು ಸ್ಕ್ರೂ ಮಿಕ್ಕಿದವು, ಆದರೂ ಎಲ್ಲವೂ ಓಡಿದವು. ಅವಳ ಅತ್ತೆ ಬಾಗಿಲಲ್ಲಿ ನಿಂತು ನೋಡಿ ನೋಡಿ ಹೇಳಿದರು: "ಈ ಮನೇಲಿ ಬಿಚ್ಚದೆ ಉಳಿದಿರೋದು ನಾನೊಬ್ಬಳೇ. ನನ್ನನ್ನ ಬಿಚ್ಚೋಕೆ ಮುಂಚೆ ಒಂದು ಮಾತು ಹೇಳಮ್ಮ, ಸ್ನಾನ ಆದ್ರೂ ಮಾಡ್ಕೊಂಡಿರ್ತೀನಿ."

ಗಂಡ ಬಸ್ ಡ್ರೈವರ್. ಇಡೀ ದಿನ ಹಾರನ್ನು ಕೇಳಿ ಬರುವ ಮನುಷ್ಯನಾದ್ದರಿಂದ ಮನೆಯಲ್ಲಿ ಮಾತನ್ನು ಚಿಲ್ಲರೆಯಂತೆ ಎಣಿಸಿ ಕೊಡುತ್ತಿದ್ದ. ಊರಿನ ಪಾಲಿಟೆಕ್ನಿಕ್ ಕಾಲೇಜಿನವರು ವಯಸ್ಸಾದವರಿಗೂ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಕಲಿಸುತ್ತಾರಂತೆ, ಮೂರು ವರ್ಷ, ಬೆಳಿಗ್ಗೆ ಮಾತ್ರ ಪಾಠ, ಮುಗಿಸಿದರೆ ಟೆಕ್ನಿಷಿಯನ್ ಆಗಬಹುದಂತೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಾಗ, ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ತಲೆ ಎತ್ತಿ, "ಸೇರ್ಕೋ" ಎಂದ. ಆ ವಾರದ ಅವನ ಭಾಷಣ ಅಷ್ಟೇ.

ತರಗತಿಯಲ್ಲಿ ಮೂವತ್ತೊಂದು ಜನ. ಮೂವತ್ತು ಜನಕ್ಕೆ ಹದಿನೆಂಟರ ಆಸುಪಾಸು. ಮೊದಲ ದಿನ ಅವಳು ಒಳಗೆ ಬಂದಾಗ ಎಲ್ಲರೂ ಮೇಡಂ ಬಂದರೆಂದು ಎದ್ದು ನಿಂತರು. ಅವಳು ಕೊನೆಯ ಬೆಂಚಿಗೆ ಹೋಗಿ ಕೂತ ಮೇಲೆ ಸುಮ್ಮನೆ ಎದ್ದದ್ದಕ್ಕೆ ಅವರಿಗೆ ಬೇಜಾರಾಯಿತು.

ಲ್ಯಾಬಿನ ಮೇಷ್ಟ್ರು ದಪ್ಪ ಕನ್ನಡಕದ, ಬೆರಳುಗಳಲ್ಲೆಲ್ಲ ಸುಟ್ಟ ಕಲೆಗಳಿದ್ದ ಮನುಷ್ಯ. ಮೊದಲ ವಾರವೇ ಅವರು ಒಂದು ಮಾತು ಹೇಳಿದರು. "ಮೀಟರು ಸೊನ್ನೆ ತೋರಿಸಿದ್ರೆ ಕರೆಂಟಿಲ್ಲ ಅಂತ ನಂಬಬೇಡಿ. ಮೀಟರೇ ಸತ್ತಿರಬಹುದು. ಮೊದಲು ಕರೆಂಟ್ ಇದ್ದೇ ಇದೆ ಅಂತ ಗೊತ್ತಿರೋ ಕಡೆ ಇಟ್ಟು ನೋಡಿ. ಆಮೇಲೆ ನಿಮ್ಮ ಬೋರ್ಡಿಗೆ ಇಡಿ. ಮುಗಿದ ಮೇಲೆ ಮತ್ತೆ ಹೋಗಿ ನೋಡಿ." ಅದಕ್ಕಾಗಿಯೇ ಲ್ಯಾಬಿನ ಗೋಡೆಯಲ್ಲಿ ಕೆಂಪು ದೀಪವಿದ್ದ ಒಂದು ಸಾಕೆಟ್ಟು ಇತ್ತು. ದೀಪ ಉರಿಯುತ್ತಿದ್ದರೆ ಅಲ್ಲಿ ಕರೆಂಟ್ ಇದೆ ಎಂದರ್ಥ.

ಮೂವತ್ತು ಜನ ಅದನ್ನು ಮೊದಲ ವಾರ ಬರೆದುಕೊಂಡರು, ಎರಡನೆಯ ವಾರ ಮರೆತರು. ಅವಳೊಬ್ಬಳು ಮರೆಯಲಿಲ್ಲ. ಅದರಲ್ಲಿ ದೊಡ್ಡ ಶ್ರದ್ಧೆಯೇನೂ ಇರಲಿಲ್ಲ. ಗಿರಾಕಿಯ ಬಟ್ಟೆಗೆ ಸೂಜಿ ಇಳಿಸುವ ಮುಂಚೆ ಚಿಂದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ ನೋಡದ ಟೈಲರ್ ಎಲ್ಲಿದ್ದಾಳೆ? ದಾರ ಸರಿಯಿದೆಯೋ, ಹೊಲಿಗೆ ಬಿಗಿಯಿದೆಯೋ ಎಂದು ಚಿಂದಿ ಹೇಳಬೇಕು, ಗಿರಾಕಿ ಹೇಳಬಾರದು. ಹಾಗಾಗಿ ಅವಳು ಮೀಟರು ಹಿಡಿದು ಗೋಡೆಗೆ ನಡೆಯುವಳು, ಬೋರ್ಡಿಗೆ ಬರುವಳು, ಮತ್ತೆ ಗೋಡೆಗೆ ನಡೆಯುವಳು. ಯಾಕೆಂದು ಕೇಳಿದವರಿಗೆ ಚಿಂದಿಯ ಕಥೆ ಹೇಳಿದಳು. ಹೆಸರು ಅಲ್ಲೇ ಅಂಟಿತು: ಚಿಂದಿ ಅಕ್ಕ.

ಹೆಸರಿಟ್ಟವನಿಗೂ ಒಂದು ಹೆಸರಿತ್ತು. ಯಾವ ಕೆಲಸ ಕೊಟ್ಟರೂ "ಐದು ನಿಮಿಷ ಸರ್" ಎನ್ನುತ್ತಿದ್ದ ಅವನನ್ನು ಎಲ್ಲರೂ ಐದ್ನಿಮಿಷ ಎಂದೇ ಕರೆಯುತ್ತಿದ್ದರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು ಅವನೇ. ಅವನ ಪ್ಯಾಂಟಿನ ಜಿಪ್ಪು ಸರಿಮಾಡಿ ಕೊಡುತ್ತಿದ್ದವಳು ಅವಳೇ. ಎರಡೂ ಕಡೆಯವರು ತಮಗೇ ಲಾಭ ಎಂದು ನಂಬಿದ್ದ ಅಪರೂಪದ ವ್ಯವಹಾರ ಅದು.

ಮೂರು ವರ್ಷ ಅವಳು ಕುಣಿಯುತ್ತಲೇ ಕಲಿತಳು. ಮೊದಲ ಸಲ ತಾನೇ ಜೋಡಿಸಿದ ಕಾಂಟ್ಯಾಕ್ಟರೆಂಬ ದೊಡ್ಡ ಸ್ವಿಚ್ಚು, ಗುಂಡಿ ಒತ್ತಿದ ಕೂಡಲೇ ಟಕ್ ಎಂದು ಎಳೆದುಕೊಂಡು ಮೋಟಾರನ್ನು ಓಡಿಸಿದಾಗ ಲ್ಯಾಬಿನಲ್ಲಿ ಕಿರುಚಿಯೇ ಬಿಟ್ಟಳು. ಯಾರಿಗೋ ಶಾಕ್ ಹೊಡೆಯಿತೆಂದು ಮೇಷ್ಟ್ರು ಮೇನ್ ಸ್ವಿಚ್ ಆರಿಸಿದರು. ಮನೆಗೆ ಬಂದು ಅತ್ತೆಗೆ ಆ ಟಕ್ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿದಳು. ಗಂಡನಿಗೂ ತೋರಿಸಿದಳು. ಅಳತೆ ಕೊಡಲು ಬಂದ ಗಿರಾಕಿಗೂ ತೋರಿಸಿದಳು.

ಕೊನೆಯ ವರ್ಷ ಊರಿನ ನೀರು ಪಂಪ್ ಹೌಸಿನ ಮೇಲ್ವಿಚಾರಕರು ಕಾಲೇಜಿಗೆ ಬಂದು, ಒಬ್ಬ ಟೆಕ್ನಿಷಿಯನ್ ಬೇಕು ಎಂದರು. ಮೇಷ್ಟ್ರು ಅವಳನ್ನು ತೋರಿಸಿದರು. ಪಾಸಾದರೆ ಬರಲಿ, ಜಾಗ ಇಟ್ಟಿರುತ್ತೇನೆ ಎಂದು ಅವರು ಒಪ್ಪಿಕೊಂಡು ಹೋದರು.

ಅವಳು ಪಾಸಾಗಲಿಲ್ಲ.

ಬರೆಯುವ ಪರೀಕ್ಷೆಗಳೆಲ್ಲ ಆದವು. ಉಳಿದದ್ದು ಲ್ಯಾಬಿನ ಪರೀಕ್ಷೆ: ಕೆಟ್ಟ ಸ್ಟಾರ್ಟರ್ ಬೋರ್ಡೊಂದರ ಮುಂದೆ ನಿಲ್ಲಿಸುತ್ತಾರೆ, ನಲವತ್ತು ನಿಮಿಷದಲ್ಲಿ ತಪ್ಪು ಹುಡುಕಿ, ಸರಿಮಾಡಿ, ಮೋಟಾರು ಓಡಿಸಬೇಕು. ಅವಳು ಹುಡುಕಿದಳು, ಸರಿಮಾಡಿದಳು, ಓಡಿಸಿದಳು. ನಲವತ್ತೇಳು ನಿಮಿಷ ಆಗಿತ್ತು. ವೈರುಗಳನ್ನು ಅಂಗಿಯ ಅಂಚು ಮಡಿಚಿದಂತೆ ಅಚ್ಚುಕಟ್ಟಾಗಿ ಮಡಿಚಿ ಕೂರಿಸಿದ್ದಕ್ಕೆ ಯಾರೂ ಅಂಕ ಕೊಡಲಿಲ್ಲ.

ವಯಸ್ಸಿನ ರಿಯಾಯಿತಿಯಲ್ಲಿ ಸೇರಿದವರಿಗೆ ಆ ಪರೀಕ್ಷೆಗೆ ಎರಡೇ ಅವಕಾಶ. ಆರು ವಾರ ಬಿಟ್ಟು ಎರಡನೆಯದು. ಅದೂ ಹೋದರೆ ಹೆಸರು ಹೊಡೆದುಹಾಕುತ್ತಾರೆ. ಪಂಪ್ ಹೌಸಿನ ಜಾಗ ಬೇರೆಯವರಿಗೆ, ಅವಳು ವಾಪಸು ಸಮವಸ್ತ್ರದ ತೋಳಿಗೆ.

"ನಿಮ್ಮ ಕಾಯಿಲೆ ನಂಗೊತ್ತು ಅಕ್ಕ" ಎಂದ ಐದ್ನಿಮಿಷ. ಅವನ ಸರದಿಯೂ ಅದೇ ಆರು ವಾರದ ನಂತರವೇ ಇತ್ತು. ಮೊದಲ ಸಲ ಅವಳ ಪರೀಕ್ಷೆಯ ಮರುದಿನ ಅವನದಿತ್ತು, ಅಂದು ಜ್ವರ ಬಂದು ಮಲಗಿದ್ದ. "ನೀವು ಆ ಗೋಡೆಗೆ ಎಷ್ಟು ಸಲ ನಡೆದ್ರಿ ಹೇಳಿ? ನಾನು ಕಿಟಕೀಲಿ ಎಣಿಸ್ದೆ. ಏಳು ಸಲ! ನಾಲ್ಕನೇ ಬೋರ್ಡಿಂದ ಗೋಡೆಗೆ ಎಂಟು ಹೆಜ್ಜೆ. ಹೋಗೋಕೆ ಎಂಟು, ಬರೋಕೆ ಎಂಟು, ಅಲ್ಲಿ ನಿಂತು ಸಾಕೆಟ್ಟಿನ ಯೋಗಕ್ಷೇಮ ವಿಚಾರಿಸೋಕೆ ಒಂದು ನಿಮಿಷ."

"ನಿಯಮ ಕಣಪ್ಪ."

"ನಿಯಮ ಅಕ್ಕ, ನಿಯಮಾನೇ. ಆದ್ರೆ ಕಾಲೇಜ್ ಮೀಟರು ಚೆನ್ನಾಗೇ ಇರುತ್ತೆ. ಆ ನಡಿಗೆ ಬಿಟ್ಬಿಡಿ, ನಲವತ್ತರೊಳಗೆ ಮುಗಿಯುತ್ತೆ. ನನ್ನಾಣೆ."

ಅವಳು ಯೋಚಿಸಿ ಒಪ್ಪಿದಳು. ಏಳು ನಿಮಿಷ ಎಲ್ಲಿಂದಾದರೂ ಕತ್ತರಿಸಲೇಬೇಕಿತ್ತು, ಉಳಿದ ಕಡೆ ಬಟ್ಟೆ ಇರಲಿಲ್ಲ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಹಳೇ ಹಲಗೆಯ ಮೇಲೆ ಗುಜರಿ ಸ್ವಿಚ್ಚು, ಗುಂಡಿ, ರಿಲೇ, ಒಂದು ಪುಟ್ಟ ಬಲ್ಬು ಕೂರಿಸಿ, ಹನ್ನೆರಡು ವೋಲ್ಟಿನ ಬ್ಯಾಟರಿ ಕೊಟ್ಟಳು. ಹೆಚ್ಚಿಗೆ ಕೊಡಲು ಧೈರ್ಯವಿರಲಿಲ್ಲ. ಸೊಸೆ ಅತ್ತೆಗೆ ಶಾಕ್ ಕೊಟ್ಟಳು ಎಂಬ ಸುದ್ದಿಗೆ ಬೀದಿಯಲ್ಲಿ ಗಿರಾಕಿಗಳು ಬಹಳ. ಯಾಕೆಂದರೆ ಹಲಗೆಯಲ್ಲಿ ತಪ್ಪು ಇಡುವ ಕೆಲಸ ಅತ್ತೆಯದು. ಗಡಿಯಾರ ಹಿಡಿಯುವ ಕೆಲಸವೂ ಅತ್ತೆಯದೇ.

ಇಪ್ಪತ್ತು ವರ್ಷ ಸೊಸೆಯ ತಪ್ಪು ಹುಡುಕುತ್ತ ಬಂದವರಿಗೆ, ಸೊಸೆ ಹುಡುಕಲಿ ಎಂದು ತಪ್ಪು ಬಚ್ಚಿಡುವುದರಲ್ಲಿ ಇಂಥ ಸುಖವಿದೆಯೆಂದು ಗೊತ್ತಿರಲಿಲ್ಲ. ಮೊದಲ ವಾರ ವೈರು ಕಿತ್ತಿಟ್ಟರು. ಅದು ಕಣ್ಣಿಗೇ ಕಾಣುತ್ತಿತ್ತು. ಎರಡನೆಯ ವಾರ ಸ್ಕ್ರೂ ಸಡಿಲ ಮಾಡಿದರು. ಮೂರನೆಯ ವಾರ ರಿಲೇಯ ಬಾಯಿಗೆ, ಕರೆಂಟ್ ದಾಟುವ ಜಾಗದಲ್ಲಿ, ಕಾಗದದ ಚೂರು ತುರುಕಿ, ಏನೂ ತಿಳಿಯದವರಂತೆ ಗಡಿಯಾರ ಹಿಡಿದು ಕುರ್ಚಿ ಮೇಲೆ ಕೂತರು.

"ಎಷ್ಟಾಯ್ತು ಅತ್ತೆ?"

"ಹದಿನೆಂಟು ನಿಮಿಷ. ಹುಡುಕು, ಹುಡುಕು. ನನಗೇನು, ಮಧ್ಯಾಹ್ನದ ನಿದ್ದೆ ಹೋಯ್ತು ಅಷ್ಟೇ."

"ಈ ಕಾಗದ ಎಲ್ಲಿಂದ ಹೊಳೀತು ನಿಮಗೆ?"

"ಅಯ್ಯೋ, ಸಿಕ್ತಾ? ಛೆ!" ಅತ್ತೆಯ ಮುಖ ಸಣ್ಣಗಾಯಿತು. "ನಾಳೆ ನೋಡ್ಕೋತೀನಿ ಇರು."

ಐದನೆಯ ವಾರದ ಹೊತ್ತಿಗೆ ಅವಳು ಮೂವತ್ತೊಂದು ನಿಮಿಷಕ್ಕೆ ಇಳಿದಿದ್ದಳು. ಅತ್ತೆ ನೆರೆಯವರಿಗೆಲ್ಲ "ನನ್ನ ಸೊಸೆ ಮೂವತ್ತೊಂದು" ಎಂದು ಹೇಳುತ್ತಿದ್ದರು. ವಯಸ್ಸು ಹೇಳುತ್ತಿದ್ದಾರೆಂದು ತಿಳಿದ ನೆರೆಯವರು ಮರ್ಯಾದೆಗೆ ಸುಮ್ಮನಿದ್ದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕಿ ವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ಬಿಗಿದ ಜಡೆ, ಬಿಗಿದ ತುಟಿ. ನಿಯಮ ಓದಿದರು: ಬೋರ್ಡಿನ ದೀಪಗಳನ್ನೆಲ್ಲ ತೆಗೆದಿದೆ, ಮೀಟರೇ ಗತಿ. ಬೋರ್ಡಿಗೆ ಸಪ್ಲೈಯೇ ಬರುತ್ತಿಲ್ಲವೆಂದು ಕಂಡರೆ ಹಾಗೆಂದು ಬರೆದು, ಕಾಗದ ಡಬ್ಬಕ್ಕೆ ಹಾಕಿ ಹೋಗಬಹುದು. ಇಲ್ಲದಿದ್ದರೆ ತಪ್ಪು ಸರಿಮಾಡಿ ಮೋಟಾರು ಓಡಿಸಬೇಕು. ಕಾಗದಗಳನ್ನು ಸಂಜೆ ನೋಡುತ್ತೇನೆ.

ನಾಲ್ಕನೇ ಬೋರ್ಡಿಗೆ ಬೆಳಿಗ್ಗೆಯಿಂದ ಮೂವರು ಹೋಗಿ ಬಂದಿದ್ದರು. ಮೂರನೆಯವನು ಐದ್ನಿಮಿಷ. ಹೊರಗೆ ಬಂದವನ ಮುಖ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. "ಏನಿದೆ ಅಂತ ಹೇಳೋ ಹಾಗಿಲ್ಲ ಅಕ್ಕ. ಆದ್ರೆ ನಾಲ್ಕು ನಿಮಿಷ! ನನ್ನ ಹೆಸರೇ ಬದಲಾಯಿಸ್ಕೋಬೇಕು. ನಡೀಬೇಡಿ, ನೆನಪಿರಲಿ."

ಗಡಿಯಾರ ಶುರುವಾಯಿತು.

ಹಸಿರು ಗುಂಡಿ ಒತ್ತಿದಳು. ಬೋರ್ಡು ಮಾತಾಡಲಿಲ್ಲ. ಆ ಬೋರ್ಡಿಗೆಂದೇ ಇಟ್ಟಿದ್ದ ಮೀಟರಿನ ಎರಡು ಕಡ್ಡಿ ಹಿಡಿದು, ಸಪ್ಲೈ ಒಳಗೆ ಬರುವ ಸ್ಕ್ರೂಗಳ ಮೇಲೆ ಇಟ್ಟಳು. ಸೊನ್ನೆ. ಪಕ್ಕದ ಜೋಡಿಗೆ ಇಟ್ಟಳು. ಸೊನ್ನೆ. ಮೇಲೆ, ಕೆಳಗೆ, ಎಲ್ಲಿ ಇಟ್ಟರೂ ಸೊನ್ನೆ. ಅವಳಿಗೆ ಖುಷಿಯೇ ಆಯಿತು: ಸಪ್ಲೈಯೇ ಇಲ್ಲ! ಎರಡು ನಿಮಿಷಕ್ಕೆ ಮುಗಿದುಹೋಯಿತು! ಹೋದ ವರ್ಷವೂ ಒಂದು ಬೋರ್ಡಿಗೆ ಹೀಗೇ ಸಪ್ಲೈ ತೆಗೆದಿಟ್ಟಿದ್ದರು. ಕಾಗದ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, "ಬೋರ್ಡಿಗೆ ಸಪ್ಲೈ" ಎಂದು ಬರೆದಳು.

ಅಲ್ಲಿ ಕೈ ನಿಂತಿತು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈ ಅದು. ಬಟ್ಟೆಗೆ ಕತ್ತರಿ ತಾಗುವ ಕ್ಷಣದಲ್ಲಿ ತಾನಾಗಿಯೇ ಒಮ್ಮೆ ನಿಲ್ಲುವುದು ಅದಕ್ಕೆ ಅಭ್ಯಾಸ. ಬರೆದು ಡಬ್ಬಕ್ಕೆ ಹಾಕಿದ ಮೇಲೆ ಬಿಚ್ಚಿ ಹೊಲಿಯುವ ಹಾಗಿಲ್ಲ. ಚಿಂದಿ ನೋಡಿದೆಯಾ ಎಂದು ಕೈ ಕೇಳಿದಂತಾಯಿತು. ಇಲ್ಲ, ನೋಡಿಲ್ಲ.

ಎಂಟು ಹೆಜ್ಜೆ. ಗೋಡೆಯ ಸಾಕೆಟ್ಟಿನ ಕೆಂಪು ದೀಪ ಚೆನ್ನಾಗಿ ಉರಿಯುತ್ತಿತ್ತು. ಕಡ್ಡಿಗಳನ್ನು ಒಳಗಿಟ್ಟಳು.

ಸೊನ್ನೆ.

ಕಾರ್ಬನ್ ಬ್ರಷ್ಷಿನ ದಿನದ ಆ ಜುಮ್ಮೆನ್ನುವಿಕೆ ಮತ್ತೆ ಬಂತು. ದೀಪ ಉರಿಯುತ್ತಿದೆ, ಮೀಟರು ಸೊನ್ನೆ ಎನ್ನುತ್ತಿದೆ. ಸುಳ್ಳು ಹೇಳುತ್ತಿರುವುದು ಬೋರ್ಡಲ್ಲ! ಮೀಟರನ್ನು ಬೀಪ್ ಶಬ್ದದ ಗುರುತಿಗೆ ತಿರುಗಿಸಿ ಎರಡು ಕಡ್ಡಿಯ ಮೂತಿಗಳನ್ನು ಒಂದಕ್ಕೊಂದು ತಾಗಿಸಿದಳು. ಸರಿಯಿದ್ದರೆ ಕೂಗಬೇಕು. ಕೂಗಲಿಲ್ಲ. ಮೀಟರಿನ ಕರಿ ವೈರನ್ನು ಬುಡದಲ್ಲಿ ಬಗ್ಗಿಸಿದಳು. ಬೀಪ್. ಬಿಟ್ಟಳು. ಮೌನ. ಬಗ್ಗಿಸಿದಳು. ಬೀಪ್. ಹೊರಗಿನ ರಬ್ಬರು ಹೊಸದರಂತೆ ಮಿಂಚುತ್ತಿತ್ತು, ಒಳಗೆ ತಾಮ್ರದ ಎಳೆ ಕಡಿದಿತ್ತು.

"ಮೇಡಂ! ಈ ವೈರು ಒಳಗೆ ಕಡಿದಿದೆ. ಬೇರೆ ಬೇಕು."

ಪರೀಕ್ಷಕಿ ಬಂದರು. ತಾವೇ ಬಗ್ಗಿಸಿ ಬಿಟ್ಟು ನೋಡಿದರು. ತುಟಿ ಇನ್ನೂ ಬಿಗಿಯಾಯಿತು. ಮೇಷ್ಟ್ರು ಕನ್ನಡಕ ಒರೆಸುತ್ತ ಬೇರೆ ವೈರಿಗಾಗಿ ಬೀರು ಹುಡುಕಿದರು. ಬೀರಿನ ಕೀ ಹುಡುಕಿದರು. ಕೀ ಅವರ ಜೇಬಿನಲ್ಲೇ ಇತ್ತು.

"ಆ ಟೈಮು ನನಗೆ ಕೊಡ್ತೀರಾ ಮೇಡಂ?"

"ಕೆಲಸದ ಜಾಗದಲ್ಲಿ ಯಾರಾದ್ರೂ ಕೊಡ್ತಾರಾ?" ಎಂದರು ಪರೀಕ್ಷಕಿ. ಗಡಿಯಾರ ಹದಿನಾರು ನಿಮಿಷ ತೋರಿಸುತ್ತಿತ್ತು.

ಉಳಿದದ್ದು ಇಪ್ಪತ್ತನಾಲ್ಕು. ಹೊಸ ವೈರು ಹಾಕಿ ಗೋಡೆಗೆ ನಡೆದಳು: ಇನ್ನೂರ ಮೂವತ್ತೆರಡು. ಬೋರ್ಡಿಗೆ ಬಂದಳು: ಸಪ್ಲೈ ಇದೆ, ಇನ್ನೂರ ಮೂವತ್ತೆರಡೇ! ಈಗ ಬೋರ್ಡು ಬಾಯಿ ಬಿಟ್ಟಿತು. ಒಂದೊಂದೇ ಜಾಗಕ್ಕೆ ಕಡ್ಡಿ ಇಡುತ್ತ ಹೋದಳು. ಫ್ಯೂಸಿನ ಈಚೆ ಇದೆ, ಆಚೆ ಇದೆ. ಮೋಟಾರು ನಿಲ್ಲಿಸುವ ಕೆಂಪು ಗುಂಡಿಯವರೆಗೆ ಇದೆ. ಕೆಂಪು ಗುಂಡಿಯಿಂದಾಚೆ ಇಲ್ಲ. ಸಿಕ್ಕಿತು!

ಬೋರ್ಡಿನ ಮೇನ್ ಆರಿಸಿದಳು, ಯಾರೂ ಮತ್ತೆ ಹಾಕದಂತೆ ಅದಕ್ಕೆ ಬೀಗ ಹಾಕಿದಳು, ಕೈ ಹಾಕುವ ಮುಂಚೆ ಅಳೆದಳು. ಸೊನ್ನೆ. ಗಡಿಯಾರ ಮೂವತ್ತು. ಕಿಟಕಿಯಲ್ಲಿ ಐದ್ನಿಮಿಷ ಎರಡೂ ಕೈ ಆಡಿಸುತ್ತ, ನಡೀಬೇಡಿ, ನಡೀಬೇಡಿ ಎಂದು ಸನ್ನೆ ಮಾಡುತ್ತಿದ್ದ. ಅವಳು ನಡೆದಳು. ಓಡಿದಳು ಎಂದರೂ ತಪ್ಪಿಲ್ಲ. ಗೋಡೆಯಲ್ಲಿ ಇನ್ನೂರ ಮೂವತ್ತೆರಡು. ಹಾಗಾದರೆ ಬೋರ್ಡಿನ ಸೊನ್ನೆ ನಿಜವಾದ ಸೊನ್ನೆ.

ಕೆಂಪು ಗುಂಡಿಯ ಹಿಂಬದಿ ಬಿಚ್ಚಿದಳು. ವೈರು ಸ್ಕ್ರೂ ಕೆಳಗೇ ಇತ್ತು, ಸ್ಕ್ರೂ ಬಿಗಿಯಾಗಿಯೇ ಇತ್ತು. ಒಂದು ಕ್ಷಣ ಕಂಗಾಲಾದಳು. ಆಮೇಲೆ ಬಗ್ಗಿ ನೋಡಿ ನಕ್ಕುಬಿಟ್ಟಳು. ಸ್ಕ್ರೂ ಹಿಡಿದಿದ್ದದ್ದು ತಾಮ್ರವನ್ನಲ್ಲ, ಮೇಲಿನ ಪ್ಲಾಸ್ಟಿಕ್ಕನ್ನು. ಅಂಗಿ ಬಿಟ್ಟು ಅಸ್ತರಿಗೆ ಗುಂಡಿ ಹೊಲಿದ ಹಾಗೆ! ಇಂಥ ಕಿತಾಪತಿ ಅತ್ತೆ ನಾಲ್ಕನೇ ವಾರದಲ್ಲೇ ಮಾಡಿದ್ದರು. ಸಿಪ್ಪೆ ಸುಲಿದು, ತಾಮ್ರ ತೂರಿಸಿ, ಬಿಗಿದು, ಮುಚ್ಚಿ, ಬೀಗ ತೆಗೆದು, ಮೇನ್ ಹಾಕಿ, ಹಸಿರು ಗುಂಡಿ ಒತ್ತಿದಳು.

ಟಕ್!

ಮೋಟಾರು ಗುಯ್ ಎಂದು ತಿರುಗಿತು. ಗಡಿಯಾರ ಮೂವತ್ತೆಂಟೂವರೆ. ಈ ಸಲವೂ ಅವಳು ಕಿರುಚಿದಳು. ಮೇಷ್ಟ್ರು ಮೇನ್ ಆರಿಸಲಿಲ್ಲ.

ಪರೀಕ್ಷಕಿ ಡಬ್ಬ ತೆಗೆಸಿ, ನಾಲ್ಕನೇ ಬೋರ್ಡಿನ ಬೆಳಗಿನ ಮೂರು ಕಾಗದಗಳನ್ನು ಅಲ್ಲೇ ಬಿಡಿಸಿದರು. ಮೂರರಲ್ಲೂ ಒಂದೇ ಸಾಲು: ಬೋರ್ಡಿಗೆ ಸಪ್ಲೈ ಇಲ್ಲ. "ಮೂರೂ ಜನ ಮತ್ತೆ ಬರಲಿ" ಎಂದರು. "ಗೋಡೆ ಎಲ್ಲಿದೆ ಅಂತ ತೋರಿಸಿ ಕಳಿಸಿ." ಆಮೇಲೆ ಅವಳ ಕಾಗದಕ್ಕೆ ಸಹಿ ಹಾಕಿ, ಮೊದಲ ಬಾರಿಗೆ ತುಟಿ ಸಡಿಲಿಸಿ, "ಎಲ್ಲಿ ಕೆಲಸ?" ಎಂದು ಕೇಳಿದರು. ಪಂಪ್ ಹೌಸಿನ ಹೆಸರನ್ನು ಅವಳು ಎರಡು ಸಲ ಹೇಳಿದಳು.

ಹೊರಗೆ ಐದ್ನಿಮಿಷ ಕಂಬಕ್ಕೆ ಒರಗಿ ನಿಂತಿದ್ದ. "ನನ್ನ ಮಾನ ಹರಾಜು ಹಾಕಿದ್ರಲ್ಲ ಅಕ್ಕಾ."

"ಬಿಡಪ್ಪ, ಹರಿದಿದ್ರೆ ಹೊಲಿದುಕೊಡ್ತೀನಿ. ನಡಿ ಒಳಗೆ. ನಡೆದುಕೊಂಡೇ ಹೋಗು."

ಮನೆಯಲ್ಲಿ ಅತ್ತೆ ಗಡಿಯಾರ ಹಿಡಿದೇ ಕೂತಿದ್ದರು. ಪಾಸು ಎಂದು ಕೇಳಿದ ಕೂಡಲೇ ಸೊಸೆಯ ಗಲ್ಲ ಹಿಡಿದು ಅಲ್ಲಾಡಿಸಿದರು, ಮರುಕ್ಷಣವೇ ವಿಚಾರಣೆಗೆ ಇಳಿದರು. "ತಪ್ಪು ಎಲ್ಲಿಟ್ಟಿದ್ದರು?"

"ಒಂದು ಕೆಂಪು ಗುಂಡಿ ಹಿಂದೆ. ಅದು ನಿಮ್ಮದೇ ತಪ್ಪು ಅತ್ತೆ, ನಾಲ್ಕನೇ ವಾರದ್ದು. ಇನ್ನೊಂದು ಯಾರೂ ಇಟ್ಟಿದ್ದಲ್ಲ. ಮೀಟರಲ್ಲೇ ಇತ್ತು."

ಅತ್ತೆ ಬಾಯಿ ತೆರೆದರು. ಹೆಮ್ಮೆ ಹಾಗೇ ಜಾರಿ, ಆ ಜಾಗದಲ್ಲಿ ನಿಜವಾದ ಸಂಕಟ ಮೂಡಿತು. "ಮೀಟರಲ್ಲಾ! ಅಯ್ಯೋ, ಆರು ವಾರ ಕೂತಿದ್ದೆ, ನನಗೆ ಹೊಳೀಲೇ ಇಲ್ವಲ್ಲೇ!"

ಗಂಡ ಸಂಜೆ ಬಂದು ಸುದ್ದಿ ಕೇಳಿ, "ಟಕ್ ಅಂತಾ?" ಎಂದ. "ಟಕ್ ಅಂತ" ಎಂದಳು. ಅವನು ಮರುದಿನ ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಹೇಳಿದನಂತೆ, ಕಂಡಕ್ಟರ್ ಬಂದು ದೂರು ಹೇಳಿ ಹೋದ.

ಪಂಪ್ ಹೌಸಿನ ಮೊದಲ ಬೆಳಿಗ್ಗೆ. ಎದೆಯೆತ್ತರದ ಮೂರು ಮೋಟಾರುಗಳು ಸಾಲಾಗಿ ನಡುಗುತ್ತಿದ್ದವು, ನೆಲ ಅಂಗಾಲಿಗೆ ಕಚಗುಳಿ ಇಡುತ್ತಿತ್ತು. ಅಂಥ ಮೂರು ಟಕ್ಕುಗಳು ಒಟ್ಟಿಗೆ ಆದರೆ ಹೇಗಿರಬಹುದೆಂದು ಅವಳು ಕಾಯುತ್ತಿದ್ದಳು. ಮೇಲ್ವಿಚಾರಕರು ನಿಂತುಹೋದ ಒಂದು ಬೋರ್ಡು ತೋರಿಸಿ, "ಇದರಿಂದ ಶುರುಮಾಡಮ್ಮ" ಎಂದು ಪಕ್ಕದಲ್ಲೇ ಕೈಕಟ್ಟಿ ನಿಂತರು. ಅವಳು ಚೀಲದಿಂದ ತನ್ನ ಸ್ವಂತ ಮೀಟರು ತೆಗೆದು, ಬೋರ್ಡನ್ನು ಬಿಟ್ಟು, ದೀಪ ಉರಿಯುತ್ತಿದ್ದ ಗೋಡೆ ಸಾಕೆಟ್ಟಿನ ಕಡೆ ನಡೆದಳು. ಇಲ್ಲಿ ಹನ್ನೊಂದು ಹೆಜ್ಜೆ.

ಸೊನ್ನೆ.

ನಿನ್ನೆ ಸಂಜೆ ಚೆನ್ನಾಗಿಯೇ ಇತ್ತಲ್ಲ! ಕಡ್ಡಿಗಳನ್ನು ಈಚೆ ಎಳೆದು ತುದಿಯನ್ನು ಕಣ್ಣ ಹತ್ತಿರ ಹಿಡಿದಳು. ಕೆಂಪು ಕಡ್ಡಿಯ ಮೂತಿಗೆ ಏನೋ ತೆಳ್ಳಗೆ, ಮಬ್ಬಾಗಿ ಮೆತ್ತಿತ್ತು. ಉಗುರಿನಿಂದ ಕೆರೆದಳು, ಮೂಸಿದಳು. ಮೇಣ. ಅವಳದೇ ಸೂಜಿ ಡಬ್ಬಿಯ, ದಾರಕ್ಕೆ ಹಚ್ಚುವ ಮೇಣ.

ಮೂರು ಮೋಟಾರುಗಳ ಸದ್ದನ್ನೂ ಮೀರಿ ಅವಳು ನಕ್ಕಳು.

"ಏನಾಯ್ತಮ್ಮ?" ಎಂದು ಮೇಲ್ವಿಚಾರಕರು ಗಾಬರಿಯಾಗಿ ಕೇಳಿದರು.

"ಏನಿಲ್ಲ ಸರ್, ನಮ್ಮತ್ತೆ ಒಳ್ಳೇದಾಗ್ಲಿ ಅಂತ ಹೇಳಿ ಕಳಿಸಿದ್ದಾರೆ" ಎಂದು ಅವಳು ಸೆರಗಿನಲ್ಲಿ ಮೂತಿ ಒರೆಸಿ, ಮತ್ತೆ ಸಾಕೆಟ್ಟಿಗೆ ಇಟ್ಟಳು. ಇನ್ನೂರ ಮೂವತ್ತು. ಆಮೇಲೆ ಬೋರ್ಡಿನ ಕಡೆ ತಿರುಗಿದಳು.